ಆ್ಯಪ್ ಶ್ರಾವಣ, ಅಮ್ಮನ ಶ್ರಾವಣ

ವರ್ಷದ ಹಬ್ಬ, ಉಪವಾಸಗಳನ್ನೆಲ್ಲ ತೋರಿಸೋ ಆ್ಯಪ್ ಒಂದನ್ನು ಬಿಳಿಕೆರೆಯಲ್ಲಿರೋ ಅಮ್ಮನ ಮೊಬೈಲಿಗೆ ಹಾಕಿಕೊಟ್ಟಿದ್ದೆ. 2024ರ ಜುಲೈ ಕೊನೆಗೇ ಅದು ‘ಶ್ರಾವಣ ಶುರು’ ಅಂತು. ಮಗ ಹಾಕಿಕೊಟ್ಟದ್ದಲ್ವಾ, ಅಮ್ಮ ನಂಬಿ ಶನಿವಾರದ ಒಪ್ಪತ್ತು ಶುರುಮಾಡಿದಳು. ಅವಳಿಗೆ ಸಕ್ಕರೆ ಕಾಯಿಲೆ ಬೇರೆ. ಎರಡನೇ ಶನಿವಾರ ಪಕ್ಕದ ಮನೆಯವರು ಕೇಳಿದರಂತೆ, “ಭೀಮನ ಅಮಾವಾಸ್ಯೆನೇ ಆಗಿಲ್ಲ, ಯಾವ ಶ್ರಾವಣವ್ವ?”

ಉತ್ತರದವರಿಗೆ ತಿಂಗಳು ಮುಗಿಯೋದು ಹುಣ್ಣಿಮೆಗೆ, ನಮಗೆ ಅಮಾವಾಸ್ಯೆಗೆ. ಅದಕ್ಕೇ ಅವರ ಶ್ರಾವಣ ಹದಿನೈದು ದಿನ ಮೊದಲು. ಆ್ಯಪ್ ಲೆಕ್ಕ ತಪ್ಪಿರಲಿಲ್ಲ, ಅದು ನಮ್ಮೂರಿನ ಲೆಕ್ಕ ಆಗಿರಲಿಲ್ಲ ಅಷ್ಟೇ.

ನಾನು ಹೇಳೋದಿಷ್ಟು: ವರ್ಷದ ಪ್ಲಾನನ್ನು ಯುಗಾದಿಯ ದಿನ ಒಂಟಿಕೊಪ್ಪಲ್ ಪಂಚಾಂಗ ಬಿಚ್ಚಿಟ್ಟು, ಅಮ್ಮನ ಜೊತೆ ಕೂತು ಮಾಡಿ. ರಿಮೈಂಡರ್ ಆಮೇಲೆ ಹಾಕಿಕೊಳ್ಳಿ. ನಮ್ಮ ಜಾಣತನಕ್ಕೆ ಅಮ್ಮ ಯಾಕೆ ಹಸಿದಿರಬೇಕು? ನೀವೇನಂತೀರಿ?