ವಿದೇಶ ಪ್ರವಾಸದ ಯೋಜನೆಯಲ್ಲಿ ಬಿಡುವಿರಲಿ

2025ರ ಮೇ ತಿಂಗಳಲ್ಲಿ ಸಿಂಗಪುರ ಮತ್ತು ಹಾಂಗ್‌ಕಾಂಗ್‌ಗಳಲ್ಲಿ ಕೋವಿಡ್ ಪ್ರಕರಣಗಳು ಏರಿದವು. ಬೆನ್ನಿಗೇ ಕೇರಳ, ಮಹಾರಾಷ್ಟ್ರ, ಕರ್ನಾಟಕಗಳಲ್ಲೂ ಸಂಖ್ಯೆ ಹೆಚ್ಚಿತು. ಎನ್‌ಬಿ.1.8.1 ಎಂಬ ಹೊಸ ತಳಿಯ ಹೆಸರು ಸುದ್ದಿಯಲ್ಲಿ ಓಡಾಡಿತು. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿದ್ದು 2023ರ ಮೇ 5ರಂದು. ಆದರೂ ಹೊಸ ತಳಿಯೊಂದರ ಹೆಸರು ಕೇಳಿದೊಡನೆ ವಿದೇಶಕ್ಕೆ ಟಿಕೆಟ್ ಕಾದಿರಿಸಿದ ಮನೆಗಳಲ್ಲಿ ಅದೇ ಹಳೆಯ ಪ್ರಶ್ನೆ ಏಳುತ್ತದೆ: ಹೋಗುವುದೋ, ಬಿಡುವುದೋ? ಈ ಪ್ರಶ್ನೆಗೆ ಭಯವೂ ಸರಿಯಾದ ಉತ್ತರ ಕೊಡಲಾರದು, ಉಡಾಫೆಯೂ ಕೊಡಲಾರದು. 2020ರಿಂದ 2023ರವರೆಗಿನ ಅನುಭವವನ್ನು ಸಾವಧಾನವಾಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪ್ರಯಾಣಿಕರನ್ನು ಹೆಚ್ಚು ಕಂಗೆಡಿಸಿದ್ದು ರಾತ್ರೋರಾತ್ರಿ ಬದಲಾದ ನಿಯಮಗಳು. ಅವುಗಳ ಏಟು ಜೋರಾಗಿ ಬಿದ್ದದ್ದು ಅತ್ತಿತ್ತ ಅಲುಗಲು ಜಾಗವೇ ಇಲ್ಲದಂತೆ ಬಿಗಿಯಾಗಿ ಹೆಣೆದ ಯೋಜನೆಗಳ ಮೇಲೆ. ಹಾಗಾಗಿ ಇಂದಿನ ವಿದೇಶ ಪ್ರವಾಸಕ್ಕೆ ಬೇಕಾದ ಮೊದಲ ಸಿದ್ಧತೆ ಸಮಯದಲ್ಲಿ, ಹಣದಲ್ಲಿ, ನಿರೀಕ್ಷೆಯಲ್ಲಿ ಒಂದಷ್ಟು ಬಿಡುವು ಇಟ್ಟುಕೊಳ್ಳುವುದು.

ನಿಯಮಗಳು ಎಷ್ಟು ಬೇಗ ಮಗುಚಿಕೊಂಡವು ಎಂಬುದನ್ನು ನೆನೆಯೋಣ. ಭಾರತ ತನ್ನ ನಿಗದಿತ ಅಂತರರಾಷ್ಟ್ರೀಯ ವಿಮಾನ ಸಂಚಾರವನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಅದನ್ನು 2021ರ ಡಿಸೆಂಬರ್ 15ರಿಂದ ಪುನರಾರಂಭಿಸುವುದಾಗಿ ನವೆಂಬರ್ 26ರಂದು ಪ್ರಕಟಿಸಿತು. ಅದೇ ದಿನ ವಿಶ್ವ ಆರೋಗ್ಯ ಸಂಸ್ಥೆ ಹೊಸ ತಳಿಗೆ ಓಮಿಕ್ರಾನ್ ಎಂದು ಹೆಸರಿಟ್ಟಿತು. ವಾರ ಕಳೆಯುವುದರೊಳಗೆ ನಮ್ಮ ನಿರ್ಧಾರ ಹಿಂದಕ್ಕೆ ಸರಿಯಿತು. ಸಂಚಾರ ನಿಜವಾಗಿ ಶುರುವಾದದ್ದು 2022ರ ಮಾರ್ಚ್ 27ರಂದು. ಬ್ರಿಟನ್ 2021ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿಯಮದಂತೆ ಭಾರತದಲ್ಲಿ ಎರಡೂ ಡೋಸ್ ಪಡೆದವರನ್ನು ಲಸಿಕೆ ಪಡೆಯದವರ ಸಾಲಿಗೆ ಸೇರಿಸಲಾಯಿತು. ಆಕ್ಸ್‌ಫರ್ಡ್–ಆಸ್ಟ್ರಾಜೆನೆಕಾ ಲಸಿಕೆಯೇ ಇಲ್ಲಿ ಕೋವಿಶೀಲ್ಡ್ ಆಗಿ ತಯಾರಾಗುತ್ತಿದ್ದರೂ ಹೀಗಾಯಿತು. ಭಾರತವೂ ಬ್ರಿಟನ್‌ನಿಂದ ಬರುವ ಬ್ರಿಟಿಷ್ ಪ್ರಜೆಗಳಿಗೆ ಹತ್ತು ದಿನಗಳ ಕ್ವಾರಂಟೈನ್ ವಿಧಿಸಿತು. ಅಕ್ಟೋಬರ್ ಮಧ್ಯದ ಹೊತ್ತಿಗೆ ಎರಡೂ ಕಡೆ ನಿಯಮಗಳು ಸಡಿಲಗೊಂಡವು. ಕೋವ್ಯಾಕ್ಸಿನ್ ಪಡೆದವರು ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಸಿಗುವ ತನಕ, ಅಂದರೆ 2021ರ ನವೆಂಬರ್ 3ರ ತನಕ, ಹಲವು ದೇಶಗಳ ಬಾಗಿಲಲ್ಲಿ ಕಾಯಬೇಕಾಯಿತು. ಚೀನಾ ಹೊರಗಿನಿಂದ ಬರುವವರ ಕಡ್ಡಾಯ ಕ್ವಾರಂಟೈನ್ ಕೈಬಿಟ್ಟದ್ದು 2023ರ ಜನವರಿ 8ರಂದು. ಅಲ್ಲಿ ವೈದ್ಯಕೀಯ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳು ಎರಡು ವರ್ಷಕ್ಕೂ ಹೆಚ್ಚು ಕಾಲ ಮನೆಯಲ್ಲೇ ಕುಳಿತು ಆನ್‌ಲೈನ್ ಪಾಠ ಕೇಳಿದರು. ಪ್ರಯಾಣಿಕ ಆರೋಗ್ಯವಂತನಾಗಿದ್ದು, ಲಸಿಕೆ ಪಡೆದು, ದಾಖಲೆ ಹಿಡಿದು ನಿಂತಿದ್ದರೂ ದಾರಿ ಮುಚ್ಚಿದ್ದ ಸಂದರ್ಭಗಳಿವು.

ಈ ದಿಢೀರ್ ನಿರ್ಬಂಧಗಳು ವೈರಾಣುವನ್ನಾದರೂ ತಡೆದವೇ? ಓಮಿಕ್ರಾನ್ ಪ್ರಕರಣ ಇದಕ್ಕೆ ನೇರ ಉತ್ತರ ಕೊಡುತ್ತದೆ. ದಕ್ಷಿಣ ಆಫ್ರಿಕಾ ಈ ತಳಿಯ ಬಗ್ಗೆ 2021ರ ನವೆಂಬರ್ 24ರಂದು ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿತು. ಬಳಿಕ ಅಮೆರಿಕ ಆಫ್ರಿಕಾದ ದಕ್ಷಿಣ ಭಾಗದ ಎಂಟು ದೇಶಗಳಿಂದ ಬರುವವರಿಗೆ ಬಾಗಿಲು ಹಾಕಿತು. ಇತರ ಹಲವು ದೇಶಗಳೂ ಅದೇ ದಾರಿ ಹಿಡಿದವು. ಆದರೆ ನೆದರ್‌ಲೆಂಡ್ಸ್‌ನಲ್ಲಿ ನವೆಂಬರ್ 19 ಮತ್ತು 23ರಂದು ಸಂಗ್ರಹಿಸಿದ್ದ ಮಾದರಿಗಳಲ್ಲೇ ಈ ತಳಿ ಇತ್ತೆಂದು ಆಮೇಲೆ ಗೊತ್ತಾಯಿತು. ಭಾರತದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳನ್ನು ಡಿಸೆಂಬರ್ 2ರಂದು ಪ್ರಕಟಿಸಲಾಯಿತು. ಎರಡೂ ಬೆಂಗಳೂರಿನವು. ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದವರಾದರೆ, ಇನ್ನೊಬ್ಬರು ವಿದೇಶಕ್ಕೆ ಹೋಗದ ಸ್ಥಳೀಯ ವೈದ್ಯರು. ಬಾಗಿಲು ಮುಚ್ಚುವ ಚರ್ಚೆ ನಡೆಯುತ್ತಿದ್ದಾಗಲೇ ವೈರಾಣು ನಮ್ಮ ಊರಿನೊಳಗೆ ಓಡಾಡುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ಬೇಕಿಲ್ಲ. ಅಮೆರಿಕ ಆ ನಿಷೇಧವನ್ನು ಡಿಸೆಂಬರ್ 31ರಂದು ತೆಗೆದುಹಾಕಿತು. ಅಷ್ಟರಲ್ಲಿ ಓಮಿಕ್ರಾನ್ ಆ ದೇಶದಲ್ಲೇ ಪ್ರಬಲ ತಳಿಯಾಗಿತ್ತು. ಪ್ರಾಮಾಣಿಕವಾಗಿ ಮಾಹಿತಿ ಹಂಚಿಕೊಂಡ ದೇಶವೇ ದಂಡ ತೆತ್ತಿತು. ಮುಂದಿನ ಸಲ ಮತ್ತೊಂದು ದೇಶ ಮಾಹಿತಿ ಕೊಡಲು ಹಿಂಜರಿದರೆ ಅದರ ಹೊಣೆ ಇಂಥ ಅವಸರದ ನಿರ್ಧಾರಗಳದ್ದೂ ಹೌದು.

ಹಾಗಾದರೆ ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳು ಗಡಿ ಮುಚ್ಚಿ ಸಾವಿರಾರು ಜೀವ ಉಳಿಸಿಕೊಳ್ಳಲಿಲ್ಲವೇ ಎಂದು ಕೇಳುವವರಿದ್ದಾರೆ. ಉಳಿಸಿಕೊಂಡವು, ಅದನ್ನು ಒಪ್ಪಲೇಬೇಕು. ಸುತ್ತಲೂ ಸಮುದ್ರವಿರುವ, ಜನಸಂಖ್ಯೆ ಕಡಿಮೆಯಿರುವ ಆ ದೇಶಗಳು ಸೋಂಕು ಹರಡುವ ಮೊದಲೇ, ಲಸಿಕೆ ಇನ್ನೂ ಇಲ್ಲದ ಕಾಲದಲ್ಲಿ ಬಾಗಿಲು ಹಾಕಿದವು. ಒಳಗೆ ಪರೀಕ್ಷೆ, ಪತ್ತೆ, ಆರೈಕೆಗಳನ್ನು ಬಿಗಿಯಾಗಿ ನಡೆಸಿದವು. ವುಹಾನ್‌ನ ಪ್ರಯಾಣ ನಿಷೇಧದ ಕುರಿತು 2020ರಲ್ಲೇ ‘ಸೈನ್ಸ್’ ನಿಯತಕಾಲಿಕದಲ್ಲಿ ಬಂದ ಅಧ್ಯಯನದ ಪ್ರಕಾರ, ಆ ನಿಷೇಧ ಚೀನಾದೊಳಗೆ ಸೋಂಕನ್ನು ಮುಂದೂಡಿದ್ದು ಮೂರರಿಂದ ಐದು ದಿನ ಮಾತ್ರ. ಹೊರದೇಶಗಳಿಗೆ ಸೋಂಕು ಹೋಗುವುದನ್ನು ಮಾತ್ರ ಕೆಲವು ವಾರಗಳ ಮಟ್ಟಿಗೆ ಗಣನೀಯವಾಗಿ ತಗ್ಗಿಸಿತು. ಗಡಿ ನಿರ್ಬಂಧ ಸಮಯ ಕೊಳ್ಳಬಲ್ಲದು. ಕೊಂಡ ಸಮಯ ಬಳಕೆಯಾಗದಿದ್ದರೆ ಅದು ನೋವಾಗಿ ಮಾತ್ರ ಉಳಿಯುತ್ತದೆ. ಆ ನೋವೂ ಸಣ್ಣದಲ್ಲ. 2021ರ ಮೇ ತಿಂಗಳಲ್ಲಿ ಭಾರತದಿಂದ ತಾಯ್ನಾಡಿಗೆ ಮರಳಲು ಯತ್ನಿಸುವ ತನ್ನದೇ ಪ್ರಜೆಗಳಿಗೆ ಐದು ವರ್ಷದವರೆಗಿನ ಜೈಲುಶಿಕ್ಷೆಯ ಎಚ್ಚರಿಕೆಯನ್ನು ಆಸ್ಟ್ರೇಲಿಯಾ ಸರ್ಕಾರ ಕೊಟ್ಟಿತ್ತು. ನ್ಯೂಜಿಲೆಂಡ್‌ನ ಕ್ವಾರಂಟೈನ್ ಕೊಠಡಿಗಳ ಲಾಟರಿ ಪದ್ಧತಿ ಮರಳುವ ಪ್ರಜೆಗಳ ಹಕ್ಕನ್ನು ಮಿತಿಮೀರಿ ಮೊಟಕುಗೊಳಿಸಿದ ಸಂದರ್ಭಗಳಿದ್ದವು ಎಂದು ಅಲ್ಲಿನ ಹೈಕೋರ್ಟ್ 2022ರಲ್ಲಿ ಹೇಳಿತು. ಬಹುತೇಕ ಎಲ್ಲರಲ್ಲೂ ಲಸಿಕೆಯಿಂದಲೋ ಸೋಂಕಿನಿಂದಲೋ ಒಂದಿಷ್ಟು ರೋಗನಿರೋಧಕ ಶಕ್ತಿ ಇರುವ ಈಗಿನ ಕಾಲಕ್ಕೆ 2020ರ ಅಸ್ತ್ರ ಹೊಂದುವುದಿಲ್ಲ.

ಸರ್ಕಾರಗಳ ನಡೆ ಪ್ರಯಾಣಿಕನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದನ್ನು ನೋಡಿದರೆ, ಅಪಾಯ ಎಲ್ಲಿದೆ ಎಂಬ ತಿಳಿವಳಿಕೆಯಿಂದಲೇ ಆರಂಭಿಸಬೇಕು. ಹಾರುವ ವಿಮಾನದೊಳಗಿನ ಗಾಳಿ ಗಂಟೆಗೆ ಸುಮಾರು 20ರಿಂದ 30 ಬಾರಿ ಬದಲಾಗುತ್ತದೆ. ಹೆಪಾ ಫಿಲ್ಟರ್‌ಗಳು ಸೂಕ್ಷ್ಮ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯುತ್ತವೆ. ಹಾಗೆಂದು ಪಕ್ಕದಲ್ಲಿ ಕೆಮ್ಮುವವರಿಂದ ಫಿಲ್ಟರ್ ಕಾಪಾಡದು. 2020ರ ಮಾರ್ಚ್ ಆರಂಭದಲ್ಲಿ ಲಂಡನ್‌ನಿಂದ ಹನೋಯ್‌ಗೆ ಹಾರಿದ ವಿಮಾನವೊಂದಕ್ಕೆ ಸಂಬಂಧಿಸಿದಂತೆ ಸೋಂಕು ಪತ್ತೆಯಾದ 16 ಮಂದಿಯಲ್ಲಿ 12 ಮಂದಿ ಬಿಸಿನೆಸ್ ದರ್ಜೆಯವರು. ರೋಗಲಕ್ಷಣವಿದ್ದ ಏಕೈಕ ಪ್ರಯಾಣಿಕರು ಕುಳಿತಿದ್ದುದೂ ಅಲ್ಲೇ. ಆಗ ಮಾಸ್ಕ್ ಕಡ್ಡಾಯವಾಗಿರಲಿಲ್ಲ. ಅದಕ್ಕೂ ಮೊದಲು ಯೊಕೊಹಾಮಾ ಬಂದರಿನಲ್ಲಿ ತಡೆದು ನಿಲ್ಲಿಸಿದ್ದ ಡೈಮಂಡ್ ಪ್ರಿನ್ಸೆಸ್ ಹಡಗಿನ 3,711 ಮಂದಿಯಲ್ಲಿ 712 ಮಂದಿಗೆ ಸೋಂಕು ತಗುಲಿತು. ಮುಚ್ಚಿದ ಜಾಗ, ನಿಂತ ಗಾಳಿ, ದೀರ್ಘ ಸಾಮೀಪ್ಯ ಇವು ಕೂಡಿದಲ್ಲಿ ಅಪಾಯ ಹೆಚ್ಚು ಎಂಬುದೇ ಈ ಪ್ರಕರಣಗಳ ಸಾರ. ವಿಮಾನ ಹತ್ತುವ ಸರದಿ, ವಲಸೆ ತಪಾಸಣೆಯ ಸಾಲು, ತುಂಬಿದ ಬಸ್ಸು, ಕಿಟಕಿಯಿಲ್ಲದ ಊಟದ ಹಾಲ್ ಇಂಥಲ್ಲಿ ಒಳ್ಳೆಯ ಮಾಸ್ಕ್ ಧರಿಸಿದರೆ ಸಾಕಷ್ಟು ರಕ್ಷಣೆ ಸಿಗುತ್ತದೆ. ಬಯಲಲ್ಲಿ, ಕಡಲತೀರದಲ್ಲಿ, ಬೆಟ್ಟದ ಹಾದಿಯಲ್ಲಿ ಅದನ್ನು ತೆಗೆದು ಮನಸಾರೆ ಉಸಿರಾಡಬಹುದು. ಎಲ್ಲಿ ಎಚ್ಚರ ಬೇಕು ಎಂದು ತಿಳಿದವರಿಗೆ ಉಳಿದ ಕಡೆ ನಿರಾಳವಾಗಿರಲು ಸಾಧ್ಯ.

ಇನ್ನು ಸಮಯದ ಬಿಡುವು. ಹತ್ತು ದಿನಗಳಲ್ಲಿ ಆರು ದೇಶ ಸುತ್ತಿಸುವ ಪ್ಯಾಕೇಜ್ ನಮ್ಮ ಮಧ್ಯಮ ವರ್ಗಕ್ಕೆ ಪ್ರಿಯವಾಗಿದೆ. ಅದರಲ್ಲಿ ಒಬ್ಬರಿಗೆ ಎರಡು ದಿನ ಜ್ವರ ಬಂದರೂ ಇಡೀ ಪ್ರವಾಸ ಕುಸಿಯುತ್ತದೆ. ಜ್ವರ ಮುಚ್ಚಿಟ್ಟು ಬಸ್ ಹತ್ತುವ ಒತ್ತಡ ಹುಟ್ಟುತ್ತದೆ. ಅದೇ ಹತ್ತು ದಿನವನ್ನು ಒಂದೋ ಎರಡೋ ಊರುಗಳಲ್ಲಿ ಕಳೆಯುವಂತೆ ಯೋಜಿಸಿದರೆ ಎರಡು ದಿನದ ವಿಶ್ರಾಂತಿಯನ್ನು ಅದು ತಡೆದುಕೊಳ್ಳುತ್ತದೆ. ಮರಳಿದ ಮರುದಿನವೇ ಕಚೇರಿಗೆ ಹಾಜರಾಗಬೇಕಾದ, ಮಗಳ ಪರೀಕ್ಷೆಯ ಹಿಂದಿನ ದಿನ ಮನೆ ಸೇರುವ ಟಿಕೆಟ್‌ಗಳು ಅಪಾಯಕಾರಿ. ದಿನಾಂಕ ಬದಲಿಸಲು ಅವಕಾಶವಿರುವ ಟಿಕೆಟ್, ಕೊನೆಯ ಗಳಿಗೆಯಲ್ಲೂ ರದ್ದುಮಾಡಬಹುದಾದ ಹೋಟೆಲ್‌ಗೆ ತುಸು ಹೆಚ್ಚು ಕೊಡುವುದು ಲೇಸು. ಲಾಕ್‌ಡೌನ್‌ನಿಂದ ರದ್ದಾದ ವಿಮಾನ ಟಿಕೆಟ್‌ಗಳ ಹಣ ಮರಳಿಸುವ ಕುರಿತು 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟೇ ಆದೇಶ ನೀಡಬೇಕಾಯಿತು. ಪ್ರತಿ ಸಲವೂ ನ್ಯಾಯಾಲಯ ಕಾಪಾಡುತ್ತದೆ ಎಂದು ಕಾಯುವುದಕ್ಕಿಂತ ಟಿಕೆಟ್ ಕೊಳ್ಳುವಾಗಲೇ ಷರತ್ತು ಓದುವುದು ಸುಲಭ.

ಹಣದ ಬಿಡುವು ಇನ್ನೂ ಮುಖ್ಯ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ವಿದೇಶ ಪ್ರಯಾಣವೆಂದರೆ ಅರವತ್ತು–ಎಪ್ಪತ್ತು ದಾಟಿದ ತಂದೆತಾಯಿ ಮಗಳ ಬಾಣಂತನಕ್ಕೋ ಮೊಮ್ಮಗುವನ್ನು ನೋಡಿಕೊಳ್ಳಲಿಕ್ಕೋ ಅಮೆರಿಕಕ್ಕೆ ಹೋಗುವುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇರುವವರೇ ಹೆಚ್ಚು. ಕೋವಿಡ್ ಈಗಲೂ ಗಂಭೀರವಾಗಿ ಕಾಡುವುದು ಇಂಥವರನ್ನೇ. ಅಲ್ಲಿನ ಆಸ್ಪತ್ರೆಯ ವೆಚ್ಚ ಒಂದು ಕುಟುಂಬದ ಉಳಿತಾಯವನ್ನು ಕೆಲವೇ ದಿನಗಳಲ್ಲಿ ಕರಗಿಸಬಲ್ಲದು. ವೀಸಾಕ್ಕೆ ಬೇಕೆಂಬ ಕಾರಣಕ್ಕೆ ಅತಿ ಅಗ್ಗದ ವಿಮೆ ಕೊಳ್ಳುವುದು ಇಲ್ಲಿನ ದೊಡ್ಡ ತಪ್ಪು. ಷೆಂಗನ್ ದೇಶಗಳು ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆಯನ್ನು ವೀಸಾಕ್ಕೆ ಕಡ್ಡಾಯ ಮಾಡಿವೆ. ಅದು ಕನಿಷ್ಠ ಮಿತಿ ಅಷ್ಟೆ. ಹಲವು ವಿಮೆಗಳು ಮೊದಲೇ ಇರುವ ಕಾಯಿಲೆಗಳಿಗೆ ಪ್ರಾಣಾಪಾಯದ ತುರ್ತಿನಲ್ಲಿ ಮಾತ್ರ ಹಣ ಕೊಡುತ್ತವೆ. ಕೆಲವು ಪ್ರತಿ ಚಿಕಿತ್ಸೆಗೂ ಮಿತಿ ಹಾಕಿರುತ್ತವೆ. ಕಾಯಿಲೆ ಮುಚ್ಚಿಟ್ಟರೆ ಪರಿಹಾರವೇ ಕೈತಪ್ಪಬಹುದು. ಹೊರಡುವ ನಾಲ್ಕರಿಂದ ಆರು ವಾರ ಮೊದಲು ವೈದ್ಯರನ್ನು ಕಂಡು ಲಸಿಕೆಯ ಬಗ್ಗೆ ಸಲಹೆ ಪಡೆಯುವುದು, ಅವಧಿಗಿಂತ ಕೆಲವು ವಾರ ಹೆಚ್ಚಿಗೆ ಸಾಲುವಷ್ಟು ಮಾತ್ರೆ ಮತ್ತು ವೈದ್ಯರ ಚೀಟಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳುವುದು ಇವೆಲ್ಲ ಹೆಚ್ಚು ಖರ್ಚಿಲ್ಲದ ಎಚ್ಚರಿಕೆಗಳು.

ಇಷ್ಟೆಲ್ಲ ತಾಪತ್ರಯ ಪಟ್ಟು ಹೋಗಲೇಬೇಕೇ, ವಿದೇಶ ಪ್ರವಾಸ ಉಳ್ಳವರ ಷೋಕಿಯಲ್ಲವೇ ಎಂಬ ಆಕ್ಷೇಪವಿದೆ. 2020ರ ಮೇ ತಿಂಗಳಲ್ಲಿ, ಹೊರದೇಶಗಳಲ್ಲಿ ಸಿಲುಕಿದವರನ್ನು ಕರೆತಂದ ‘ವಂದೇ ಭಾರತ್’ ಕಾರ್ಯಾಚರಣೆಯಲ್ಲಿ ದುಬೈನಿಂದ ಮಂಗಳೂರಿಗೆ ಬಂದಿಳಿದವರಲ್ಲಿ ಗರ್ಭಿಣಿಯರಿದ್ದರು, ಕೆಲಸ ಕಳೆದುಕೊಂಡವರಿದ್ದರು. ಗಲ್ಫ್‌ನಲ್ಲಿ ದುಡಿಯುವ ನಮ್ಮ ಕರಾವಳಿಯ ಕಾರ್ಮಿಕರಿಗೆ, ಹೊರದೇಶದಲ್ಲಿ ಓದುವ ಮಕ್ಕಳಿಗೆ, ಹಜ್‌ಗೆಂದು ಜೀವಮಾನವಿಡೀ ಕೂಡಿಟ್ಟವರಿಗೆ ಪ್ರಯಾಣ ಬದುಕಿನದೇ ಭಾಗ. ವಿಹಾರಕ್ಕೆಂದು ಹೋಗುವವರನ್ನೂ ಹಗುರವಾಗಿ ಕಾಣಬೇಕಿಲ್ಲ. 2019ರಲ್ಲಿ ಸುಮಾರು 146 ಕೋಟಿ ಇದ್ದ ಜಾಗತಿಕ ಪ್ರವಾಸಿಗರ ಆಗಮನ 2020ರಲ್ಲಿ ಸುಮಾರು 40 ಕೋಟಿಗೆ ಕುಸಿಯಿತು. 2024ರಲ್ಲಷ್ಟೇ 140 ಕೋಟಿಗೆ ಮರಳಿತು. ಆ ಕುಸಿತದಲ್ಲಿ ಊಟ ಕಳೆದುಕೊಂಡವರು ಮಾಲ್ಡೀವ್ಸ್‌ನ ದೋಣಿಯವರು, ಬಾಲಿಯ ಹೋಟೆಲ್ ನೌಕರರು, ನೇಪಾಳದ ಹೊರೆಯಾಳುಗಳು. ಬಿಡುವಿಟ್ಟ ಯೋಜನೆ ದುಬಾರಿ ಎನ್ನುವವರಿಗೆ ಉತ್ತರವೂ ಸರಳ: ದೇಶಗಳ ಸಂಖ್ಯೆ ಕಡಿಮೆ ಮಾಡಿದರೆ ಉಳಿಯುವ ಹಣವೇ ಒಳ್ಳೆಯ ವಿಮೆಗೂ ಬದಲಿಸಬಹುದಾದ ಟಿಕೆಟ್‌ಗೂ ಸಾಲುತ್ತದೆ.

ನಿರೀಕ್ಷೆಯ ಬಿಡುವು ಪ್ರವಾಸದ ಸುಖಕ್ಕೆ ನೇರ ಸಂಬಂಧಿಸಿದ್ದು. ಪಟ್ಟಿಯಲ್ಲಿದ್ದ ಪ್ರತಿ ಜಾಗವನ್ನೂ ಮುಟ್ಟಲೇಬೇಕೆಂದು ಹೊರಟವರಿಗೆ ಪ್ರತಿ ಅಡಚಣೆಯೂ ನಷ್ಟವಾಗಿ ಕಾಣುತ್ತದೆ. ಊರೊಂದನ್ನು ನಿಧಾನವಾಗಿ ಅರಿಯಲು ಹೋದವರಿಗೆ ಒಂದು ವಸ್ತುಸಂಗ್ರಹಾಲಯ ತಪ್ಪಿದರೂ ಸಂಜೆಯ ಮಾರುಕಟ್ಟೆ, ನದಿ ದಂಡೆ, ಅಲ್ಲಿನವರೊಂದಿಗಿನ ಮಾತು ಉಳಿದಿರುತ್ತವೆ. ಇಂಥವರು ಕಾಯಿಲೆ ಬಿದ್ದಾಗ ಕೊಠಡಿಯಲ್ಲಿ ಉಳಿಯುವ ಸೌಜನ್ಯವನ್ನೂ ತೋರಬಲ್ಲರು. ಕಡ್ಡಾಯ ಪರೀಕ್ಷೆಗಳು ಹೋದ ಮೇಲೆ ಈ ಸೌಜನ್ಯವೇ ಪಕ್ಕದ ಆಸನದ ವೃದ್ಧರಿಗೆ, ಹೋಟೆಲ್ ಕೆಲಸಗಾರರಿಗೆ ಇರುವ ರಕ್ಷಣೆ.

ಸರ್ಕಾರಗಳೂ ಪಾಠ ಕಲಿಯಬೇಕು. ಸಂಚಾರಕ್ಕೆ ಗಣನೀಯ ಅಡ್ಡಿ ಮಾಡುವ ಹೆಚ್ಚುವರಿ ಕ್ರಮ ಕೈಗೊಂಡ ದೇಶ ಅದರ ಆರೋಗ್ಯ ಕಾರಣವನ್ನು 48 ಗಂಟೆಯೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕೆಂದು ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯ 43ನೇ ವಿಧಿ ಹೇಳುತ್ತದೆ. ಕೋವಿಡ್ ಕಾಲದಲ್ಲಿ ಅದನ್ನು ಗೌರವಿಸಿದವರು ಕಡಿಮೆ. ಹೊಸ ನಿರ್ಬಂಧ ತರುವಾಗ ಕಾರಣ, ಮುಗಿಯುವ ದಿನ, ಮರುಪಾವತಿಯ ವ್ಯವಸ್ಥೆ ಮೂರನ್ನೂ ಒಟ್ಟಿಗೇ ಪ್ರಕಟಿಸುವಂತೆ ಭಾರತ ತನ್ನಲ್ಲಿ ನಿಯಮ ಮಾಡಿಕೊಂಡು ಇತರರಿಂದಲೂ ಅದನ್ನೇ ಕೇಳಬೇಕು. ಅಲ್ಲಿಯವರೆಗೆ ಹೊರಡುವವರು ತಮ್ಮನ್ನೇ ಕೇಳಿಕೊಳ್ಳಬೇಕು: ವಾರ ತಡವಾದರೆ ನಿಭಾಯಿಸಬಲ್ಲೆವೇ? ಆಸ್ಪತ್ರೆ ಸೇರಿದರೆ ಬಿಲ್ ಯಾರು ಕಟ್ಟುತ್ತಾರೆ? ಜ್ವರ ಬಂದರೆ ಅರ್ಧ ಕಾರ್ಯಕ್ರಮ ಬಿಡಲು ಮನಸ್ಸು ಸಿದ್ಧವಿದೆಯೇ? ಉತ್ತರ ಸಿಗದಿದ್ದರೆ ಯೋಜನೆ ತಿದ್ದಿಕೊಳ್ಳಿ; ಸಿಕ್ಕರೆ ಅಳುಕದೆ ಹೊರಡಿ.