ಕೀಲಿ ಸಾಗುವ ದಾರಿ

ಮಡಿಕೇರಿಯ ವರ್ತಕನು ಗಣಕಯಂತ್ರದ ಮುಂದೆ ಕುಳಿತು ಬೆಂಗಳೂರಿನ ಬ್ಯಾಂಕಿಗೆ ಕಳುಹಿಸುವ ಪಾವತಿ ಆದೇಶವನ್ನು ಕಾಯುವುದು ಒಂದು ಗೂಢಲಿಪಿ ಕೀಲಿ. ಇಂದು ಇಂತಹ ಕೀಲಿಗಳ ವಿನಿಮಯವು ಬಹುಮಟ್ಟಿಗೆ ಕೆಲವು ಗಣಿತ ಸಮಸ್ಯೆಗಳ ಕಾಠಿಣ್ಯವನ್ನೇ ಅವಲಂಬಿಸಿದೆ. ಬೃಹತ್ ಕ್ವಾಂಟಂ ಗಣಕಗಳು ಸಿದ್ಧವಾದ ದಿನ ಆ ಆಸರೆ ಕುಸಿಯಲಿದೆ.

ಬೆನೆಟ್ ಮತ್ತು ಬ್ರಾಸಾರ್ಡ್ 1984ರಲ್ಲಿ ಸೂಚಿಸಿದ ವಿಧಾನದಲ್ಲಿ ಕೀಲಿಯು ಬೆಳಕಿನ ಕಣಗಳ ಮೇಲೆ ಸಾಗುತ್ತದೆ. ನಡುವೆ ಯಾರಾದರೂ ಇಣುಕಿದರೆ ಕಣದ ಸ್ಥಿತಿ ಕೆಟ್ಟು ಇಣುಕಿದ್ದು ಬಯಲಾಗುತ್ತದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯು 2021ರಲ್ಲಿ ಎರಡು ಕಟ್ಟಡಗಳ ನಡುವೆ ಬಯಲಿನಲ್ಲಿಯೇ ಇದನ್ನು ಸಾಧಿಸಿತು. 2022ರಲ್ಲಿ ಪ್ರಯಾಗರಾಜ್ ಮತ್ತು ವಿಂಧ್ಯಾಚಲಗಳ ನಡುವೆ 100 ಕಿ.ಮೀ.ಗೂ ಮೀರಿದ ಗಾಜಿನ ತಂತುವಿನಲ್ಲಿ ಪ್ರಯೋಗ ಯಶಸ್ವಿಯಾಯಿತು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರವು 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಅಭಿಯಾನಕ್ಕೆ ಒಪ್ಪಿಗೆ ನೀಡಿತು. 2,000 ಕಿ.ಮೀ. ವ್ಯಾಪ್ತಿಯ ಅಂತರನಗರ ಕೀಲಿ ವಿತರಣೆ ಅದರ ಗುರಿಗಳಲ್ಲೊಂದು.

ತೊಡಕಿರುವುದು ದೂರದಲ್ಲಿ. ತಂತುವಿನಲ್ಲಿ ಕಣಗಳು ದಾರಿಯುದ್ದಕ್ಕೂ ನಷ್ಟವಾಗುತ್ತವೆ. ಅವುಗಳನ್ನು ನಕಲು ಮಾಡಿ ಬಲಪಡಿಸಲು ಪ್ರಕೃತಿ ನಿಯಮವೇ ಬಿಡದು. ಆದುದರಿಂದ ನಡುನಡುವೆ ‘ನಂಬಿಕೆಯ ಕೇಂದ್ರ’ಗಳು ಬೇಕು. ಚೀನಾದ ಬೀಜಿಂಗ್–ಶಾಂಘೈ ಮಾರ್ಗದಲ್ಲಿ ಇಂತಹ 32 ಕೇಂದ್ರಗಳಿವೆ. ಪ್ರತಿ ಕೇಂದ್ರದಲ್ಲಿಯೂ ಕೀಲಿ ಒಮ್ಮೆ ತೆರೆದುಕೊಂಡು ಮತ್ತೆ ಮುಚ್ಚಲ್ಪಡುತ್ತದೆ. ಕಾಫಿ ಮೂಟೆಯ ಮೊಹರನ್ನು ದಾರಿಯ ಗೋದಾಮಿನಲ್ಲಿ ಒಡೆದು ಪುನಃ ಹಾಕಿದಂತೆಯೇ ಇದು. ಗೋದಾಮಿನವನು ಪ್ರಾಮಾಣಿಕನಾಗಿದ್ದರೆ ಮಾತ್ರ ಸರಕು ಸುರಕ್ಷಿತ.

ಮಡಿಕೇರಿ–ಬೆಂಗಳೂರು ಅಂತರ ಸುಮಾರು 260 ಕಿ.ಮೀ. ಇಲ್ಲಿಗೆ ಜಾಲ ಬಂದರೆ ನಡುವೆ ಅಂತಹ ಕೇಂದ್ರ ಅನಿವಾರ್ಯ. ಅದು ಮೈಸೂರಿನ ಒಂದೇ ದಾರಿಯನ್ನು ನೆಚ್ಚಬಾರದು. ಹಾಸನದ ಮೂಲಕ ಎರಡನೆಯ ಮಾರ್ಗವಿದ್ದರೆ ಕೀಲಿಯನ್ನು ಎರಡು ಪಾಲುಗಳಾಗಿ ಕಳುಹಿಸಿ ಕೊನೆಯಲ್ಲಿ ಕೂಡಿಸಬಹುದು. ಆಗ ಒಂದೇ ಕೇಂದ್ರ ಕೆಟ್ಟರೂ ಗುಟ್ಟು ಉಳಿಯುತ್ತದೆ. ಒಂದು ತಂತು ತುಂಡಾದರೆ ಇನ್ನೊಂದು ಮಾರ್ಗದಿಂದ ಹೊಸ ಕೀಲಿ ಬರಬಹುದು, ಭದ್ರತೆ ಅಷ್ಟರಮಟ್ಟಿಗೆ ತಗ್ಗಿದರೂ ವ್ಯವಹಾರ ನಿಲ್ಲದು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡುಗಳಲ್ಲಿ ಗುಡ್ಡ ಕುಸಿದು ಮಂಗಳೂರು ರಸ್ತೆ ಮುಚ್ಚಿದ್ದನ್ನು ಕಂಡ ಜಿಲ್ಲೆಗೆ ಎರಡನೆಯ ದಾರಿಯ ಬೆಲೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಈ ಬೇಡಿಕೆಯನ್ನು ವರ್ತಕರ ಸಂಘಟನೆಗಳು ಯೋಜನೆ ರೂಪುಗೊಳ್ಳುವಾಗಲೇ ಮಂಡಿಸುವುದು ಒಳಿತು.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಕ್ವಾಂಟಂ ದಾಳಿಯನ್ನು ತಡೆಯಬಲ್ಲ ಹೊಸ ಗಣಿತ ವಿಧಾನಗಳಿಗೆ ಅಮೆರಿಕದ ಮಾನಕ ಸಂಸ್ಥೆಯು 2024ರ ಆಗಸ್ಟ್‌ನಲ್ಲಿ ಅಂತಿಮ ರೂಪ ನೀಡಿದೆ. ಅವುಗಳಿಗೆ ಹೊಸ ತಂತು ಬೇಡ. ಅವನ್ನು ಯಾವಾಗ ಅಳವಡಿಸಲಾಗುವುದೆಂದು ಬ್ಯಾಂಕನ್ನೂ ತಂತ್ರಾಂಶ ಪೂರೈಕೆದಾರನನ್ನೂ ವರ್ತಕನು ಕೇಳಬೇಕು. ಡಿಜಿಟಲ್ ಸಹಿಯ ಸಾಧನವನ್ನೂ ಅದರ ಗುಪ್ತಪದವನ್ನೂ ಗುಮಾಸ್ತನ ಮೇಜಿನ ಮೇಲೆ ಬಿಟ್ಟುಹೋಗುವ ಅಭ್ಯಾಸವನ್ನಂತೂ ಇಂದೇ ಕೈಬಿಡಬೇಕು. ನಂಬಿಕೆಯ ಮೊದಲ ಕೇಂದ್ರ ಅವನ ಅಂಗಡಿಯೇ.