ಲಸಿಕೆ ಹಾಕಿಸಿದರೂ ಕುರಿ ಸತ್ತರೆ

ಲಸಿಕೆ ಹಾಕಿಸಿದ ಮೇಲೂ ಮಂದೆಗೆ ಹಿರೇಬೇನೆ ತಗುಲಿತೆಂದು ದೂರುವವರು ವರ್ಷ ವರ್ಷವೂ ಸಿಗುತ್ತಾರೆ. ಔಷಧಿಯೇ ಸುಳ್ಳೆಂದು ಅವರ ತೀರ್ಮಾನ. ಮರುವರ್ಷ ಲಸಿಕೆಯವರು ಊರಿಗೆ ಬಂದರೆ ಮಂದೆಯನ್ನು ಗುಡ್ಡದ ಕಡೆ ಅಟ್ಟಿಬಿಡುತ್ತಾರೆ. ಬೇನೆ ಮೊದಲೇ ಒಳಹೊಕ್ಕ ಮಂದೆಗೆ ತಡವಾಗಿ ಚುಚ್ಚಿದ್ದೂ ಇದಕ್ಕೆ ಕಾರಣವಿರಬಹುದು. ಆದರೆ ಎಷ್ಟೋ ಸಲ ಲಸಿಕೆ ಕುರಿಯ ಮೈ ಸೇರುವ ಮೊದಲೇ ಸತ್ತಿರುತ್ತದೆ.

ಸತ್ತಿರುತ್ತದೆ ಎಂದದ್ದು ಅಲಂಕಾರಕ್ಕಲ್ಲ. ಹಿರೇಬೇನೆಯ ಲಸಿಕೆಯಲ್ಲಿರುವುದು ಬಲಗುಂದಿಸಿದ, ಆದರೆ ಜೀವಂತವಾದ ವೈರಸ್. ಅದನ್ನು ಹೆಪ್ಪುಗಟ್ಟಿಸಿ, ನೀರಿನಂಶ ತೆಗೆದು, ಪುಟ್ಟ ಬಾಟಲಿಯಲ್ಲಿ ಒಣ ಬಿಲ್ಲೆಯಂತೆ ತುಂಬಿರುತ್ತಾರೆ. ಚಳಿಯಲ್ಲಿದ್ದಷ್ಟು ಕಾಲ ಅದಕ್ಕೆ ಭಯವಿಲ್ಲ. ಬಸ್ಸಿನ ಸೀಟಿನ ಮೇಲೋ ಅಂಗಿಯ ಜೇಬಿನಲ್ಲೋ ಬೆಚ್ಚಗಾಯಿತೆಂದರೆ ಅದರ ಆಯುಷ್ಯ ಕರಗತೊಡಗುತ್ತದೆ. ಆಮೇಲೆ ಫ್ರಿಜ್ಜಿನಲ್ಲಿಟ್ಟರೆ ಬಾಟಲಿ ತಣ್ಣಗಾದೀತು, ಸತ್ತದ್ದು ಏಳದು. ನೋಡಲು ಎರಡೂ ಒಂದೇ ಬಣ್ಣ!

ಬಿಲ್ಲೆಯನ್ನು ಕರಗಿಸುವ ಉಪ್ಪುನೀರಿನ ದ್ರಾವಣವನ್ನೂ ಮೊದಲೇ ತಣ್ಣಗೆ ಮಾಡಿರಬೇಕು. ಬಿಸಿಲಲ್ಲಿದ್ದ ದ್ರಾವಣ ಬೆರೆಸಿದರೆ ಮಂಜಿನಲ್ಲಿ ತಂದ ಶ್ರಮವೆಲ್ಲ ವ್ಯರ್ಥ. ಬೆರೆಸಿದ ಬಾಟಲಿಯನ್ನು ನೆರಳಲ್ಲಿ, ಮಂಜುಗಡ್ಡೆಯ ಮೇಲೆಯೇ ಇಟ್ಟುಕೊಂಡು ಒಂದೆರಡು ಗಂಟೆಯೊಳಗೆ ಮುಗಿಸತಕ್ಕದ್ದು. ಸಿರಿಂಜು, ಸೂಜಿಗಳನ್ನು ನೀರಿನಲ್ಲಿ ಕುದಿಸಿ, ಆರಿಸಿ ಬಳಸಬೇಕು. ಸ್ಪಿರಿಟ್ಟಿನಲ್ಲೋ ಡೆಟ್ಟಾಲಿನಲ್ಲೋ ಅದ್ದುವುದು ಶುಚಿತ್ವವೆಂದು ಕೆಲವರ ನಂಬಿಕೆ. ರೋಗಾಣುವನ್ನು ಕೊಲ್ಲುವ ಆ ಔಷಧಿ ಲಸಿಕೆಯ ವೈರಸ್ಸನ್ನು ಮಾತ್ರ ಬಿಟ್ಟೀತೇ?

ಹಾಗೆಂದು ಎಲ್ಲ ಲಸಿಕೆಯನ್ನೂ ಮಂಜಿನಲ್ಲಿ ಹೂಳಬೇಡಿ. ಚಪ್ಪೆರೋಗ, ಗಳಲೆರೋಗ, ಕಾಲುಬಾಯಿ ಬೇನೆಗಳ ಲಸಿಕೆ ಬೇರೆ ಜಾತಿಯದು. ಅದಕ್ಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಸಾಕು. ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಿತು, ಎಸೆಯುವುದೇ ಸರಿ.

ಇದೆಲ್ಲ ಲಸಿಕೆ ಹಾಕುವವರ ಕೆಲಸ, ನಮಗೇಕೆ ಎನ್ನುವಿರಾ? ಬಾಟಲಿ ಒಡೆದ ಮೇಲೆ ಕುರಿ ಹಿಡಿದು ತರಲು ಹೊರಟರೆ ತಪ್ಪು ನಿಮ್ಮದೇ. ಹೊತ್ತು ಏರುವ ಮುನ್ನ ಮಂದೆಯನ್ನು ಹಟ್ಟಿಯಲ್ಲಿ ಕೂಡಿ, ಹಿಡಿಯಲು ನಾಲ್ಕು ಆಳು ನಿಲ್ಲಿಸಿ, ಆಮೇಲೆ ಬಾಟಲಿ ತೆರೆಯಲು ಹೇಳಿ. ಪೆಟ್ಟಿಗೆಯಲ್ಲಿ ಮಂಜು ಉಳಿದಿದೆಯೇ ಎಂದು ಇಣುಕಿ ನೋಡುವುದು ನಿಮ್ಮ ಹಕ್ಕು; ಕೇಳಿದರೆ ಯಾರೂ ಮುನಿಯಬೇಕಾಗಿಲ್ಲ. ಒಬ್ಬನೇ ಸಿಬ್ಬಂದಿ ಹತ್ತು ಹಳ್ಳಿ ಸುತ್ತುವಾಗ ಮಂಜು ಕರಗುವುದು ಸಹಜ. ಆದ್ದರಿಂದ ಇಲಾಖೆಯು ಪೆಟ್ಟಿಗೆ ಕೊಟ್ಟು ಸುಮ್ಮನಾಗದೆ, ದಾರಿಯಲ್ಲಿ ಮಂಜು ತುಂಬಿಕೊಳ್ಳುವ ಏರ್ಪಾಟನ್ನೂ ಮಾಡಬೇಕು. ಹಾಲಿನ ಸಂಘಗಳೂ ಪಂಚಾಯಿತಿಗಳೂ ಇದಕ್ಕೆ ಕೈಗೂಡಿಸಲಿ.

ದನಗಳ ದೊಡ್ಡರೋಗ ಜಗತ್ತಿನಿಂದಲೇ ತೊಲಗಿತೆಂದು 2011ರಲ್ಲಿ ಘೋಷಣೆಯಾಯಿತು. ಹಿರೇಬೇನೆ ಅದರ ದಾಯಾದಿ. 2030ರೊಳಗೆ ಇದನ್ನೂ ಜಗತ್ತಿನಿಂದ ಕಳೆಯಬೇಕೆಂಬ ಗುರಿ ಇದೆ. ಸರಿಯಾಗಿ ಬಿದ್ದ ಒಂದು ಚುಚ್ಚುಮದ್ದು ಮೂರು ವರ್ಷ ಕಾಯುತ್ತದೆ.

ಮಿಕ್ಕ ಲಸಿಕೆಯನ್ನು ನಾಳೆಗೆಂದು ಇಡಕೂಡದು, ತಿಪ್ಪೆಗೂ ಎಸೆಯಕೂಡದು. ಬಾಟಲಿ ಸಮೇತ ಕುದಿಸಿ, ಆಳವಾಗಿ ಹೂಳಿಸಿ.